ಹತ್ತು ಗೆದ್ದವನು ಮೂರನೆಯವನಾದ ವರ್ಷ

2014ರ ಎಫ್‌ಐಎ ಫಾರ್ಮುಲಾ 3 ಯೂರೋಪಿಯನ್ ಚಾಂಪಿಯನ್‌ಷಿಪ್‌ನ ಕೊನೆಯ ಅಂಕಪಟ್ಟಿಯನ್ನು ಮೊದಲ ಸಲ ನೋಡಿದವರಿಗೆ ಎಲ್ಲೋ ಅಚ್ಚಿನ ತಪ್ಪಾಗಿದೆ ಅನಿಸಬೇಕು. ಒಟ್ಟು 33 ರೇಸು. ಅದರಲ್ಲಿ 10 ಗೆದ್ದ ಹುಡುಗ ಮೂರನೇ ಸಾಲಿನಲ್ಲಿದ್ದಾನೆ. 9 ಗೆದ್ದವನು ಚಾಂಪಿಯನ್. ನಡುವೆ 6 ಗೆದ್ದವನೊಬ್ಬ ಎರಡನೆಯವನಾಗಿ ಕೂತಿದ್ದಾನೆ. ಎಸ್ಟೆಬಾನ್ ಒಕಾನ್ 478, ಟಾಮ್ ಬ್ಲೋಮ್‌ಕ್ವಿಸ್ಟ್ 420, ಮ್ಯಾಕ್ಸ್ ವರ್ಸ್ಟಾಪನ್ 411.

ಇಂದು ಆ ವರ್ಷವನ್ನು ಎಲ್ಲರೂ ಮೂರನೇ ಸಾಲಿನಿಂದ ನೆನೆಯುತ್ತಾರೆ. ಅದು ಸಹಜವೇ. ಆದರೆ ಈ ಸಂಚಿಕೆ ಒಬ್ಬ ಚಾಲಕನದ್ದಲ್ಲ, ಒಂದು ಪಂದ್ಯಾವಳಿಯದು. ಹಾಗಾಗಿ ನಾನು ಮೇಲಿನ ಸಾಲಿನಿಂದಲೇ ಓದಬೇಕೆಂದಿದ್ದೇನೆ. ಇನ್ನೊಂದು ಮಾತು: ಇಲ್ಲಿ ಚಾಲಕರನ್ನೆಲ್ಲ ಏಕವಚನದಲ್ಲೇ ಕರೆದಿದ್ದೇನೆ. ಅಗೌರವವಲ್ಲ. ಆ ವರ್ಷ ಅವರೆಲ್ಲ ಮೀಸೆ ಚಿಗುರುತ್ತಿದ್ದ ಹುಡುಗರು.

ಪಂದ್ಯಾವಳಿಯ ಬೇರು 1975ರಷ್ಟು ಹಿಂದಕ್ಕೆ ಹೋಗುತ್ತದೆ. ಆ ವರ್ಷ ಯೂರೋಪಿನ ಫಾರ್ಮುಲಾ 3 ಕಪ್ ಗೆದ್ದವನು ಆಸ್ಟ್ರೇಲಿಯಾದ ಲ್ಯಾರಿ ಪರ್ಕಿನ್ಸ್. ಮರುವರ್ಷ ರಿಕಾರ್ಡೊ ಪತ್ರೆಸೆ, 1979ರಲ್ಲಿ ಅಲೆನ್ ಪ್ರಾಸ್ಟ್, 1980ರಲ್ಲಿ ಮಿಕೆಲೆ ಅಲ್ಬೊರೆಟೊ. 1984ರಲ್ಲಿ ಇವಾನ್ ಕಪೆಲ್ಲಿ ಗೆದ್ದ ಮೇಲೆ ಬಾಗಿಲು ಹಾಕಿತು. ಬ್ರಿಟನ್, ಜರ್ಮನಿ, ಇಟಲಿ, ಫ್ರಾನ್ಸ್ ತಮ್ಮ ತಮ್ಮ ರಾಷ್ಟ್ರೀಯ ಸರಣಿಗಳನ್ನು ನಡೆಸಿಕೊಂಡು ಹೋದವು. 2003ರಲ್ಲಿ ಜರ್ಮನಿ ಮತ್ತು ಫ್ರಾನ್ಸಿನ ಸರಣಿಗಳು ಕೂಡಿ ಯೂರೋ ಸೀರೀಸ್ ಆಯಿತು. ಲೂಯಿಸ್ ಹ್ಯಾಮಿಲ್ಟನ್ 2005ರಲ್ಲಿ 20ರಲ್ಲಿ 15 ರೇಸು ಗೆದ್ದದ್ದು ಅಲ್ಲೇ. 2007ರಲ್ಲಿ ರೊಮೆಯ್ನ್ ಗ್ರೋಜಾನ್, 2008ರಲ್ಲಿ ನಿಕೊ ಹುಲ್ಕೆನ್‌ಬರ್ಗ್, 2009ರಲ್ಲಿ ಜೂಲ್ಸ್ ಬಿಯಾಂಕಿ ಅಲ್ಲಿಂದಲೇ ಬಂದವರು.

ಅಷ್ಟು ಹೊತ್ತಿಗೆ ಯೂರೋಪಿನಲ್ಲಿ ಎಳೆಯರ ಸರಣಿಗಳು ಅಣಬೆಯಂತೆ ಎದ್ದಿದ್ದವು. ಯಾವುದು ಮೇಲಿನ ತರಗತಿ, ಯಾವುದು ಕೆಳಗಿನದು ಎಂದು ಮಗನಿಗೆ ಹಣ ಸುರಿಯುವ ಅಪ್ಪಂದಿರಿಗೇ ತಿಳಿಯುತ್ತಿರಲಿಲ್ಲ. ಇದನ್ನು ಒಪ್ಪ ಮಾಡುವ ಕೆಲಸ 2011ರ ಕೊನೆಗೆ ಎಫ್‌ಐಎಯ ಒಂಟಿ ಸೀಟಿನ ಕಾರುಗಳ ಆಯೋಗದ ಅಧ್ಯಕ್ಷರಾಗಿ ಬಂದ ಗೆರ್ಹಾರ್ಡ್ ಬರ್ಗರ್ ಅವರ ಪಾಲಿಗೆ ಬಂತು. ಆಸ್ಟ್ರಿಯಾದ ಬರ್ಗರ್ ಸ್ವತಃ 1984ರಲ್ಲಿ ಫಾರ್ಮುಲಾ 3 ಓಡಿಸಿ ಮೇಲೆ ಹೋದವರು. ಅವರು ಏಣಿಯನ್ನು ಮತ್ತೆ ನೆಟ್ಟಗೆ ನಿಲ್ಲಿಸಿದರು: ಕಾರ್ಟಿಂಗ್‌ನಿಂದ ಇಳಿದ ಮಕ್ಕಳಿಗೆ ಫಾರ್ಮುಲಾ 4 ಎಂಬ ಹೊಸ ಮೆಟ್ಟಿಲು, ಅದರ ಮೇಲೆ ಇಡೀ ಯೂರೋಪಿಗೆ ಒಂದೇ ಫಾರ್ಮುಲಾ 3. 2012ರಲ್ಲಿ ಯೂರೋಪಿಯನ್ ಚಾಂಪಿಯನ್‌ಷಿಪ್ ಎಂಬ ಹಳೆಯ ಹೆಸರು ಮರಳಿತು. 2013ರಿಂದ ಯೂರೋ ಸೀರೀಸ್ ಅದರೊಳಗೆ ಕರಗಿತು. 2014ರ ಹೊತ್ತಿಗೆ ವ್ಯವಸ್ಥೆ ಪಾಕಕ್ಕೆ ಬಂದಿತ್ತು. ಅದೇ ವರ್ಷ ಬರ್ಗರ್ ಅವರ ಅಕ್ಕನೋ ತಂಗಿಯೋ ಅಂತೂ ಸೋದರಿಯ ಮಗ ಲೂಕಾಸ್ ಔವರ್ ಕೂಡ ಗ್ರಿಡ್‌ನಲ್ಲಿದ್ದ. ಮಾವ ಕಟ್ಟಿದ ಮನೆಯಲ್ಲಿ ಅಳಿಯ.

ಕಾರಿನ ಬಗ್ಗೆ ನಾಲ್ಕು ಮಾತು ಹೇಳದೆ ಮುಂದೆ ಹೋದರೆ ಈ ಕಥೆ ಅರ್ಥವಾಗದು. ಎಲ್ಲರದ್ದೂ ಇಟಲಿಯ ದಲ್ಲಾರಾ ಕಂಪನಿಯ ಎಫ್312 ಚಾಸಿ. ಟೈರು ಎಲ್ಲರಿಗೂ ಹ್ಯಾಂಕುಕ್. ಎರಡು ಲೀಟರಿನ, ನಾಲ್ಕು ಸಿಲಿಂಡರಿನ ಎಂಜಿನ್. ಹೆಚ್ಚಿನವರಲ್ಲಿ ಮರ್ಸಿಡಿಸ್, ಕೆಲವರಲ್ಲಿ ಫೋಕ್ಸ್‌ವಾಗನ್. ಶಕ್ತಿ ಸುಮಾರು 240 ಅಶ್ವಶಕ್ತಿ, ಅಂದರೆ ಕಾರಿನ ಹಿಡಿತಕ್ಕೆ ಹೋಲಿಸಿದರೆ ತೀರಾ ಕಡಿಮೆ. ರೆಕ್ಕೆಗಳು ಕಾರನ್ನು ನೆಲಕ್ಕೆ ಒತ್ತಿ ಹಿಡಿಯುತ್ತವೆ, ತಿರುವಿನಲ್ಲಿ ಅದು ಅಂಟಿದಂತೆ ಹೋಗುತ್ತದೆ. ಆದರೆ ತಿರುವಿನಲ್ಲಿ ಒಂದು ಗುಲಗಂಜಿಯಷ್ಟು ವೇಗ ಕಳೆದುಕೊಂಡರೂ ಅದನ್ನು ಮರಳಿ ಗಳಿಸುವ ತಾಕತ್ತು ಎಂಜಿನ್ನಿಗಿಲ್ಲ. ಮುಂದಿನ ನೇರ ದಾರಿಯ ಉದ್ದಕ್ಕೂ ಆ ತಪ್ಪಿನ ಬಡ್ಡಿ ಕಟ್ಟುತ್ತಲೇ ಇರಬೇಕು. ಇದಕ್ಕೇ ಫಾರ್ಮುಲಾ 3 ಕಾರನ್ನು ಮೇಷ್ಟ್ರು ಅನ್ನುವುದು. ಸಾವಿರ ಅಶ್ವಶಕ್ತಿಯ ಕಾರು ಚಾಲಕನ ತಪ್ಪನ್ನು ಮುಚ್ಚಿಹಾಕುತ್ತದೆ. ಇದು ಎಲ್ಲರೆದುರು ಓದಿ ಹೇಳುತ್ತದೆ.

ಒಂದೊಂದು ವಾರಾಂತ್ಯಕ್ಕೆ ಮೂರು ರೇಸು. ಒಂದೊಂದೂ ಅರ್ಧ ಗಂಟೆಗಿಂತ ತುಸು ಹೆಚ್ಚು. ಟೈರು ಬದಲಿಸಲು ನಿಲ್ಲುವುದಿಲ್ಲ, ಇಂಧನ ತುಂಬುವುದಿಲ್ಲ. ಹಿಂದಿನ ಯೂರೋ ಸೀರೀಸ್‌ನಲ್ಲಿ ಕೆಲವು ವರ್ಷ ಮೊದಲ ರೇಸಿನ ಅಗ್ರ ಎಂಟು ಮಂದಿಯನ್ನು ತಿರುವುಮುರುವು ಮಾಡಿ ಎರಡನೆಯದಕ್ಕೆ ನಿಲ್ಲಿಸುತ್ತಿದ್ದರು. ಇಲ್ಲಿ ಆ ಕಣ್ಣುಮುಚ್ಚಾಲೆ ಇರಲಿಲ್ಲ. ಗೆಲುವಿಗೆ 25, ಎರಡಕ್ಕೆ 18, ಮೂರಕ್ಕೆ 15, ಹೀಗೆ ಹತ್ತನೆಯವನವರೆಗೆ ಅಂಕ.

ಏಪ್ರಿಲ್‌ನಲ್ಲಿ ಸಿಲ್ವರ್‌ಸ್ಟೋನ್‌ನಿಂದ ಆರಂಭ. ಅಲ್ಲಿಂದ ಹಾಕೆನ್‌ಹೈಮ್, ಫ್ರಾನ್ಸಿನ ಪೌ, ಬುಡಾಪೆಸ್ಟ್ ಹತ್ತಿರದ ಹಂಗರೋರಿಂಗ್, ಸ್ಪಾ, ನೋರಿಸ್‌ರಿಂಗ್, ಮಾಸ್ಕೊ, ಸ್ಪೀಲ್‌ಬರ್ಗ್, ನ್ಯೂರ್‌ಬರ್ಗ್‌ರಿಂಗ್, ಇಮೋಲಾ, ಅಕ್ಟೋಬರ್‌ನಲ್ಲಿ ಮತ್ತೆ ಹಾಕೆನ್‌ಹೈಮ್. ಬಹುಪಾಲು ಕಡೆ ಇದು ಜರ್ಮನಿಯ ಡಿಟಿಎಂ ಟೂರಿಂಗ್ ಕಾರ್ ರೇಸಿನ ಜತೆಗಾರ. ಡಿಟಿಎಂ ನೋಡಲು ಬಂದ ಜನ ಬೆಳಗಿನ ಕಾಫಿ ಹಿಡಿದು ಇವರನ್ನೂ ನೋಡುತ್ತಿದ್ದರು, ಅಷ್ಟೆ.

ತಂಡಗಳಲ್ಲಿ ದೊಡ್ಡಣ್ಣ ಇಟಲಿಯ ವಿಚೆಂಜಾ ಸೀಮೆಯ ಪ್ರೇಮಾ. ನಮ್ಮ ಕಿವಿಗೆ ಪಕ್ಕದ ಮನೆಯ ಹುಡುಗಿಯ ಹೆಸರು; ಪ್ಯಾಡಕ್‌ನಲ್ಲಿ ಮಾತ್ರ ಆ ಹೆಸರಿಗೆ ಎಲ್ಲರೂ ಬೆಚ್ಚುತ್ತಿದ್ದರು. 2012ರಿಂದ 2018ರವರೆಗಿನ ಏಳು ಚಾಂಪಿಯನ್ನರಲ್ಲಿ ಆರು ಮಂದಿ ಪ್ರೇಮಾದವರು. ಒಕಾನ್, ಅಂತೋನಿಯೊ ಫುಓಕೊ, ಕೆನಡಾದ ನಿಕೊಲಸ್ ಲತೀಫಿ ಆ ವರ್ಷ ಅಲ್ಲಿದ್ದರು. ಬ್ರಿಟನ್ನಿನ ಕಾರ್ಲಿನ್ ತಂಡದ ಒಂದು ಪಾಲು ಇಂಡೊನೇಷ್ಯಾದ ಕೆಎಫ್‌ಸಿಯ ಹಣದಲ್ಲಿ ‘ಜಗೋನ್ಯಾ ಆಯಮ್’ ಎಂಬ ಹೆಸರಿನಲ್ಲಿ ಓಡುತ್ತಿತ್ತು. ಕೋಳಿ ವಿದ್ಯೆಯಲ್ಲಿ ಉಸ್ತಾದ್ ಎಂಬುದು ಅದರ ಹತ್ತಿರದ ಅರ್ಥ. 1984ರ ವಿಶ್ವ ರ‍್ಯಾಲಿ ಚಾಂಪಿಯನ್ ಸ್ಟಿಗ್ ಬ್ಲೋಮ್‌ಕ್ವಿಸ್ಟ್ ಅವರ ಮಗ ಟಾಮ್ ಓಡಿಸಿದ್ದು ಈ ಕೋಳಿ ಉಸ್ತಾದರ ಕಾರನ್ನೇ. ಹಾಲೆಂಡಿನ ವಾನ್ ಅಮರ್ಸ್‌ಫೋರ್ಟ್ ತಂಡ ಇವೆರಡರ ಮುಂದೆ ಚಿಕ್ಕದು. ಅದನ್ನು 1975ರಲ್ಲಿ ಕಟ್ಟಿದ ಫ್ರಿಟ್ಸ್ ವಾನ್ ಅಮರ್ಸ್‌ಫೋರ್ಟ್ 1992ರಲ್ಲಿ ಯೋಸ್ ವರ್ಸ್ಟಾಪನ್ ಎಂಬ ಯುವಕನಿಗೆ ಕಾರು ಕೊಟ್ಟಿದ್ದರು. 22 ವರ್ಷದ ನಂತರ ಯೋಸ್‌ನ ಮಗ ಮ್ಯಾಕ್ಸ್‌ಗೂ ಕೊಟ್ಟರು.

ಒಕಾನ್ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ನಾರ್ಮಂಡಿಯ ಎವ್ರೂ ಊರಿನವನು, ಹುಟ್ಟಿದ್ದು 1996ರ ಸೆಪ್ಟೆಂಬರ್ 17. ಅಪ್ಪನದು ಚಿಕ್ಕ ಗ್ಯಾರೇಜು. ಮಗನ ಕಾರ್ಟಿಂಗ್‌ಗಾಗಿ ಮನೆ ಮಾರಿ, ಅಪ್ಪ ಅಮ್ಮ ಮಗ ಮೂವರೂ ಕ್ಯಾರವಾನ್‌ನಲ್ಲಿ ವಾಸ ಮಾಡುತ್ತ ಟ್ರ್ಯಾಕ್‌ನಿಂದ ಟ್ರ್ಯಾಕಿಗೆ ಹೋಗುತ್ತಿದ್ದ ಕಾಲವೂ ಇತ್ತು. ಈ ಕ್ರೀಡೆಯಲ್ಲಿ ಇಂಥ ಹುಡುಗರು ಒಂದನ್ನು ಬೇಗ ಕಲಿಯುತ್ತಾರೆ: ಕಾರು ಮುರಿಯಬಾರದು. 2014ರ ಅವನ ಚಾಲನೆಯಲ್ಲಿ ಆ ಲೆಕ್ಕಾಚಾರ ಎದ್ದು ಕಾಣುತ್ತದೆ. 33 ರೇಸಿನಲ್ಲಿ 21 ಸಲ ಪೋಡಿಯಂ ಹತ್ತಿದ. ಗೆಲ್ಲಲಾಗದ ದಿನ ಎರಡನೆಯವನಾದ, ಅದೂ ಆಗದಿದ್ದರೆ ಮೂರನೆಯವನಾದ, ಅಂಕ ಕಟ್ಟಿಕೊಂಡು ಮುಂದಿನ ಊರಿಗೆ ಹೊರಟ.

ಮ್ಯಾಕ್ಸ್ ಬೇರೆ ಮಣ್ಣು. 1997ರ ಸೆಪ್ಟೆಂಬರ್ 30ರಂದು ಹುಟ್ಟಿದವನು. ಅಪ್ಪ ಫಾರ್ಮುಲಾ 1 ಚಾಲಕ, ಅಮ್ಮ ಸೋಫಿ ಕುಂಪೆನ್ ಒಳ್ಳೆಯ ಕಾರ್ಟಿಂಗ್ ಪಟು. 2013ರಲ್ಲಿ ಗೇರ್ ಇರುವ ಕೆಝಡ್ ಕಾರ್ಟಿಂಗ್‌ನಲ್ಲಿ ವಿಶ್ವ ಚಾಂಪಿಯನ್ ಆಗಿ, ಚಳಿಗಾಲದಲ್ಲಿ ಫ್ಲಾರಿಡಾದಲ್ಲಿ ಒಂದಿಷ್ಟು ರೇಸು ಓಡಿಸಿ, ನಡುವಿನ ಮೆಟ್ಟಿಲುಗಳನ್ನೆಲ್ಲ ದಾಟಿ ನೇರ ಇಲ್ಲಿಗೆ ಬಂದ. ಎರಡನೇ ವಾರಾಂತ್ಯದಲ್ಲಿ, ಹಾಕೆನ್‌ಹೈಮ್‌ನಲ್ಲಿ ಮೊದಲ ಗೆಲುವು. ಆಗ ಅವನಿಗೆ 16.

ಜೂನ್ ಕೊನೆಯ ಎರಡು ವಾರಾಂತ್ಯಗಳ ಬಗ್ಗೆ ಎಷ್ಟು ಬರೆದರೂ ಸಾಲದು. ಮೊದಲು ಸ್ಪಾ. ಏಳು ಕಿಲೋಮೀಟರ್ ಉದ್ದದ, ಆರ್ಡೆನ್ ಕಾಡಿನ ಏರಿಳಿತದ ಟ್ರ್ಯಾಕ್. ಅಲ್ಲಿ ಫಾರ್ಮುಲಾ 3 ಕಾರಿನಲ್ಲಿ ಮುಂದಿರುವುದೇ ಶಾಪ. ಓ ರೂಜ್ ಹತ್ತಿ ಕೆಮೆಲ್ ನೇರಕ್ಕೆ ಬಂದರೆ ಹಿಂದಿನವನು ಮುಂದಿನವನು ಸೀಳಿದ ಗಾಳಿಯ ಮರೆಯಲ್ಲಿ ಸಲೀಸಾಗಿ ಬಂದು ಮೀರಿಸುತ್ತಾನೆ. ಒಂದೇ ಸುತ್ತಿನಲ್ಲಿ ನಾಯಕತ್ವ ಕೈ ಬದಲಾಗುವುದು ಅಲ್ಲಿ ಮಾಮೂಲು. ಅಂಥಲ್ಲಿ ಮ್ಯಾಕ್ಸ್ ಮೂರೂ ಗೆದ್ದ. ಮುಂದಿನ ವಾರ ನ್ಯೂರೆನ್‌ಬರ್ಗ್ ನಗರದ ನೋರಿಸ್‌ರಿಂಗ್. ಸ್ಪಾಗೆ ತದ್ವಿರುದ್ಧ. ನಾಜಿಗಳು ಕಟ್ಟಿಸಿದ ಕಲ್ಲಿನ ದೊಡ್ಡ ಮೆಟ್ಟಿಲುಸಾಲಿನ ಸುತ್ತ 2.3 ಕಿಲೋಮೀಟರಿನ ಬೀದಿ, ಎರಡು ಹೇರ್‌ಪಿನ್, ಪಕ್ಕದಲ್ಲೇ ತಡೆಗೋಡೆ. ಸುತ್ತು ಒಂದು ನಿಮಿಷವೂ ಹಿಡಿಯದು. ಮಳೆಯೂ ಬಂತು. ಅಲ್ಲಿಯೂ ಮೂರೂ ಅವನದೇ. ಸತತ ಆರು. ಕಾಡಿನಲ್ಲಿ ಗಾಳಿಯ ಲೆಕ್ಕ, ಬೀದಿಯಲ್ಲಿ ಬ್ರೇಕಿನ ಲೆಕ್ಕ, ಒದ್ದೆಯಲ್ಲಿ ಪಾದದ ಲೆಕ್ಕ: ಮೂರು ಬೇರೆ ಬೇರೆ ಪರೀಕ್ಷೆ ಬರೆದು ಮೂರರಲ್ಲೂ ಮೊದಲಿಗ. ರೆಡ್ ಬುಲ್‌ನ ಹೆಲ್ಮುಟ್ ಮಾರ್ಕೊ ನೋಡಬೇಕಾದದ್ದನ್ನು ನೋಡಿಯಾಗಿತ್ತು. ಮರ್ಸಿಡಿಸ್‌ನವರೂ ಮಾತಿಗೆ ಬಂದರು. ಆದರೆ ತಕ್ಷಣ ಕೊಡಲು ಅವರ ಬಳಿ ಫಾರ್ಮುಲಾ 1 ಸೀಟು ಇರಲಿಲ್ಲ.

ಆಗಸ್ಟ್ 12ರಂದು ಮ್ಯಾಕ್ಸ್ ರೆಡ್ ಬುಲ್ ಕಿರಿಯರ ತಂಡಕ್ಕೆ ಸೇರಿದ ಸುದ್ದಿ. ವಾರಾಂತ್ಯದಲ್ಲಿ ನ್ಯೂರ್‌ಬರ್ಗ್‌ರಿಂಗ್ ರೇಸು. ಅದು ಮುಗಿದ ಮರುದಿನ, 18ರಂದು, 2015ಕ್ಕೆ ರೆಡ್ ಬುಲ್‌ನದೇ ಆದ ಟೊರೊ ರೊಸೊ ತಂಡದ ಫಾರ್ಮುಲಾ 1 ಚಾಲಕ ಎಂಬ ಘೋಷಣೆ. ಹೈಸ್ಕೂಲಿನ ಅರ್ಧವಾರ್ಷಿಕ ಪರೀಕ್ಷೆ ಮುಗಿಸಿದವನನ್ನು ಕಾಲೇಜಿನ ಪಾಠಕ್ಕೆ ಕರೆದಂತೆ. ತಿಂಗಳ ಕೊನೆಗೆ ರಾಟರ್‌ಡ್ಯಾಮಿನ ಬೀದಿ ಪ್ರದರ್ಶನದಲ್ಲಿ ಫಾರ್ಮುಲಾ 1 ಕಾರಿನ ಮೂತಿಯನ್ನು ತಡೆಗೋಡೆಗೆ ಗುದ್ದಿದಾಗ ನೋಡಿ ನಕ್ಕವರೂ ಇದ್ದರು. ಕಿಮಿ ರೈಕೊನೆನ್ 2001ರಲ್ಲಿ ಬರೀ 23 ಕಾರ್ ರೇಸಿನ ಅನುಭವದಲ್ಲಿ ಫಾರ್ಮುಲಾ 1ಕ್ಕೆ ಬಂದಿದ್ದನ್ನು ನೆನಪಿಸಿದವರೂ ಇದ್ದರು.

ಹಾಗಿದ್ದರೆ ಚಾಂಪಿಯನ್ ಪಟ್ಟ ಎಲ್ಲಿ ತಪ್ಪಿತು? ಗೆಲುವಿಗೆ 25ರಂತೆ ಮ್ಯಾಕ್ಸ್‌ನ ಹತ್ತು ಗೆಲುವಿಗೆ 250 ಅಂಕ. ಉಳಿದ 23 ರೇಸಿನಲ್ಲಿ ಅವನು ಕೂಡಿಸಿದ್ದು 161. ಒಕಾನ್‌ನ ಒಂಬತ್ತು ಗೆಲುವಿಗೆ 225, ಉಳಿದ 24 ರೇಸಿನಲ್ಲಿ 253. ಸೋತ ದಿನಗಳಲ್ಲಿ ಇಬ್ಬರ ನಡುವೆ 92 ಅಂಕದ ಅಂತರ. ಚಾಂಪಿಯನ್‌ಷಿಪ್ ಇರುವುದು ಆ 92ರೊಳಗೆ. ಮ್ಯಾಕ್ಸ್‌ನ ಲೆಕ್ಕದಲ್ಲಿ ಗೆಲುವು ಇಲ್ಲವೇ ಸೊನ್ನೆ ಎಂಬಂಥ ದಿನಗಳು ಹೆಚ್ಚು. ಬ್ಲೋಮ್‌ಕ್ವಿಸ್ಟ್ ಆರೇ ಗೆದ್ದು ಅವನಿಗಿಂತ ಒಂಬತ್ತು ಅಂಕ ಮೇಲಿದ್ದನೆಂದರೆ ಕಾರಣ ಇದೇ. ಮೊದಲ ವರ್ಷ ಕಾರು ಓಡಿಸುತ್ತಿದ್ದ ಹದಿನಾರರ ಹುಡುಗ ದೊಡ್ಡ ತಂಡದ ಆಸರೆಯಿಲ್ಲದೆ ಇಷ್ಟು ಮಾಡಿದ ಎಂದು ಅವನ ಪರ ವಾದಿಸಬಹುದು, ಒಪ್ಪುತ್ತೇನೆ. ಆದರೆ ಒಕಾನ್‌ಗೂ ಅದು ಈ ಪಂದ್ಯಾವಳಿಯ ಮೊದಲ ವರ್ಷವೇ ಎಂಬುದನ್ನು ವಾದಿಸುವವರು ಮರೆಯುತ್ತಾರೆ.

ಅಕ್ಟೋಬರ್ 3ರಂದು ಜಪಾನಿನ ಸುಜುಕಾದಲ್ಲಿ ಮ್ಯಾಕ್ಸ್ ಮೊದಲ ಸಲ ಗ್ರ್ಯಾನ್ ಪ್ರಿ ವಾರಾಂತ್ಯದ ಅಭ್ಯಾಸಕ್ಕೆ ಇಳಿದ. ವಯಸ್ಸು 17 ವರ್ಷ 3 ದಿನ. ಎರಡು ದಿನದ ನಂತರ ಅದೇ ಟ್ರ್ಯಾಕ್‌ನ ಮಳೆಯಲ್ಲಿ ಜೂಲ್ಸ್ ಬಿಯಾಂಕಿಯ ಕಾರು ಜಾರಿ, ಇನ್ನೊಂದು ಕಾರನ್ನು ಎತ್ತುತ್ತಿದ್ದ ಯಂತ್ರದ ಅಡಿಗೆ ನುಗ್ಗಿತು. 2009ರ ಯೂರೋ ಸೀರೀಸ್ ಚಾಂಪಿಯನ್ ಮತ್ತೆ ಎಚ್ಚರಗೊಳ್ಳಲಿಲ್ಲ. 2015ರ ಜುಲೈ 17ರಂದು ತೀರಿಕೊಂಡ. ಆ ಭಾನುವಾರದಿಂದ ಒಂದು ವಾರ ಕಳೆಯುವುದರೊಳಗೆ ಫಾರ್ಮುಲಾ 3ರ ಹುಡುಗರು ಇಮೋಲಾದಲ್ಲಿದ್ದರು. ಸೆನ್ನಾ ಸತ್ತ ಇಮೋಲಾ. ಆ ವಾರಾಂತ್ಯದಲ್ಲಿ, ಇನ್ನೂ ಒಂದು ವಾರಾಂತ್ಯದ ರೇಸುಗಳು ಉಳಿದಿರುವಾಗಲೇ, ಒಕಾನ್ ಚಾಂಪಿಯನ್ ಆದ. ಪತ್ರಿಕೆಗಳಲ್ಲಿ ಅದಕ್ಕೆ ಸಿಕ್ಕ ಜಾಗ ಚಿಕ್ಕದು.

ಒಬ್ಬ ವಿದ್ಯಾರ್ಥಿ ತರಗತಿ ಹಾರಿದ್ದಕ್ಕೆ ಶಾಲೆಯ ಕಾನೂನೇ ಬದಲಾಯಿತು. 2015ರ ಮಾರ್ಚ್ 15ರಂದು ಮೆಲ್ಬರ್ನ್‌ನಲ್ಲಿ 17 ವರ್ಷ 166 ದಿನದ ಮ್ಯಾಕ್ಸ್ ಫಾರ್ಮುಲಾ 1 ಗ್ರಿಡ್‌ನಲ್ಲಿ ನಿಂತಾಗ ಊರಿನ ರಸ್ತೆಯಲ್ಲಿ ಒಬ್ಬನೇ ಕಾರು ಓಡಿಸುವ ಲೈಸೆನ್ಸ್ ಅವನ ಬಳಿ ಇರಲಿಲ್ಲ. ಅಷ್ಟರಲ್ಲಿ ಎಫ್‌ಐಎ ಹೊಸ ನಿಯಮ ಬರೆದಾಗಿತ್ತು: 2016ರಿಂದ ಫಾರ್ಮುಲಾ 1 ಓಡಿಸಲು ಬೇಕಾದ ಸೂಪರ್‌ಲೈಸೆನ್ಸ್‌ಗೆ ಕನಿಷ್ಠ 18 ವರ್ಷ, ಕಿರಿಯ ಸರಣಿಗಳಲ್ಲಿ ಕನಿಷ್ಠ ಎರಡು ವರ್ಷ, ಮೂರು ವರ್ಷದಲ್ಲಿ ಗಳಿಸಿದ 40 ಅಂಕ, ಜತೆಗೆ ರಸ್ತೆ ಲೈಸೆನ್ಸ್ ಕೂಡ. ತಮಾಷೆ ನೋಡಿ, ಈ ಕಟ್ಟುಪಾಡೇ ಬರ್ಗರ್ ಅವರ ಪಂದ್ಯಾವಳಿಗೆ ಬೆಲೆ ತಂದಿತು. ಯೂರೋಪಿಯನ್ ಫಾರ್ಮುಲಾ 3 ಚಾಂಪಿಯನ್‌ಗೆ ಪೂರಾ 40 ಅಂಕ ಎಂದು ನಿಗದಿಯಾಯಿತು. ಒಂದು ಪಟ್ಟ, ನೇರ ಫಾರ್ಮುಲಾ 1. 2014ರಲ್ಲಿ ಇಟಲಿಯ ಮೊದಲ ಫಾರ್ಮುಲಾ 4 ಸರಣಿ ಗೆದ್ದಿದ್ದ ಲ್ಯಾನ್ಸ್ ಸ್ಟ್ರೋಲ್ 2016ರಲ್ಲಿ ಇದನ್ನು ಗೆದ್ದು 2017ರಲ್ಲಿ ವಿಲಿಯಮ್ಸ್ ಕಾರು ಹತ್ತಿದ. ಬರ್ಗರ್ ನಿಲ್ಲಿಸಿದ ಏಣಿಯನ್ನು ಮೆಟ್ಟಿಲು ಮೆಟ್ಟಿಲಾಗಿ ಹತ್ತಿದವನು. ಬರ್ಗರ್ ಮಾತ್ರ 2014ರ ಕೊನೆಗೇ ಆಯೋಗ ಬಿಟ್ಟಿದ್ದರು.

ಒಕಾನ್‌ಗೆ ಈ 40 ಅಂಕದ ಲಾಭ ಆಗ ಸಿಗಲಿಲ್ಲ. ಪಟ್ಟ ಕೈಲಿದ್ದರೂ ಮೇಲಿನ ಸೀಟು ಕೊಳ್ಳಲು ದುಡ್ಡಿರಲಿಲ್ಲ. 2015ರಲ್ಲಿ ಜಿಪಿ3 ಎಂಬ ಸರಣಿಗೆ ಹೋಗಿ, ಇಡೀ ವರ್ಷದಲ್ಲಿ ಒಂದೇ ಒಂದು ರೇಸು ಗೆದ್ದು, ಎರಡನೇ ಸ್ಥಾನಗಳನ್ನು ಪೇರಿಸಿ ಚಾಂಪಿಯನ್ ಆದ. ಅದೇ ಹಳೆಯ ಹುಡುಗ, ಅದೇ ಲೆಕ್ಕ. ಮರ್ಸಿಡಿಸ್ ಅವನನ್ನು ತನ್ನ ಆಸರೆಗೆ ತೆಗೆದುಕೊಂಡಿತು. 2016ರಲ್ಲಿ ಸ್ಪಾದಲ್ಲಿ ಮ್ಯಾನರ್ ತಂಡದ ಕಾರಿನಲ್ಲಿ ಫಾರ್ಮುಲಾ 1 ಪ್ರವೇಶ. ಆ ಹೊತ್ತಿಗೆ ಮ್ಯಾಕ್ಸ್ ಒಂದು ಗ್ರ್ಯಾನ್ ಪ್ರಿ ಗೆದ್ದೂ ಆಗಿತ್ತು.

ನಮ್ಮ ಕಡೆಯವರಿಗೆ ಈ ಕಥೆಯಲ್ಲಿ ಒಂದು ಎಳೆ ಇದೆ. ಅದೇ 2014ರಲ್ಲಿ ಬೆಂಗಳೂರಿನ ಅರ್ಜುನ್ ಮೈನಿ ಬ್ರಿಟನ್ನಿನ ಬಿಆರ್‌ಡಿಸಿ ಫಾರ್ಮುಲಾ 4ರಲ್ಲಿ ಜಾರ್ಜ್ ರಸೆಲ್‌ಗೆ ಕೂದಲೆಳೆಯಲ್ಲಿ ಪಟ್ಟ ಬಿಟ್ಟುಕೊಟ್ಟು ಎರಡನೆಯವನಾದ. 2016ರಲ್ಲಿ ಟಿ-ಸ್ಪೋರ್ಟ್ ತಂಡದ ಕಾರಿನಲ್ಲಿ ಈ ಯೂರೋಪಿಯನ್ ಗ್ರಿಡ್‌ಗೇ ಬಂದ. ದೊಡ್ಡ ತಂಡದ ಕಾರಲ್ಲ; ವರ್ಷದ ನಡುವೆ ಜಿಪಿ3ಗೆ ಸರಿದ, ಮರುವರ್ಷ ಬಾರ್ಸಿಲೋನಾದಲ್ಲಿ ಅಲ್ಲಿ ಗೆದ್ದ. ಮುಂಬೈನ ಜೆಹಾನ್ ದಾರುವಾಲಾ 2017ರಲ್ಲಿ ಕಾರ್ಲಿನ್ ಕಾರಿನಲ್ಲಿ ಗೆದ್ದದ್ದು ನೋರಿಸ್‌ರಿಂಗ್‌ನಲ್ಲಿ, ಮ್ಯಾಕ್ಸ್ ಮೂರಕ್ಕೆ ಮೂರೂ ಗೆದ್ದ ಅದೇ ಬೀದಿಯಲ್ಲಿ.

2014ರ ಉಳಿದ ಹುಡುಗರು ಎಲ್ಲೆಲ್ಲೋ ಹರಡಿ ಹೋದರು. ಆ ವರ್ಷದ ನವೆಂಬರ್‌ನಲ್ಲಿ ಮಕಾವ್ ಗ್ರ್ಯಾನ್ ಪ್ರಿ ಗೆದ್ದ ಫೆಲಿಕ್ಸ್ ರೋಸನ್‌ಕ್ವಿಸ್ಟ್ ಮರುವರ್ಷ ಪ್ರೇಮಾ ಸೇರಿ ಯೂರೋಪಿನ ಪಟ್ಟವನ್ನೂ ಗೆದ್ದ, ಆಮೇಲೆ ಅಮೆರಿಕದ ಇಂಡಿಕಾರ್‌ಗೆ ಹೋದ. ಜೇಕ್ ಡೆನ್ನಿಸ್ ಫಾರ್ಮುಲಾ ಇ ವಿಶ್ವ ಚಾಂಪಿಯನ್ ಆದ. ಬ್ಲೋಮ್‌ಕ್ವಿಸ್ಟ್ 2022 ಮತ್ತು 2023ರಲ್ಲಿ ಡೇಟೋನಾ 24 ಗಂಟೆ ಗೆದ್ದ. ಅಂತೋನಿಯೊ ಜೊವಿನಾತ್ಸಿ 2023ರಲ್ಲಿ, ಫುಓಕೊ 2024ರಲ್ಲಿ ಫೆರಾರಿ ಕಾರಿನಲ್ಲಿ ಲೆ ಮಾನ್ ಗೆದ್ದರು. ಗ್ರಿಡ್‌ನಲ್ಲಿದ್ದ ಕೊಲಂಬಿಯಾದ ತಾತಿಯಾನಾ ಕಾಲ್ಡೆರಾನ್ ಮುಂದೆ ಈಗಿನ ಫಾರ್ಮುಲಾ 2 ಸರಣಿಯಲ್ಲಿ ಓಡಿಸಿದ ಮೊದಲ ಮಹಿಳೆಯಾದಳು. ಮತ್ತೆ ಒಕಾನ್‌ನ ತಂಡದಲ್ಲಿ ಸದ್ದಿಲ್ಲದೆ ಇದ್ದ ಲತೀಫಿ! 2021ರ ಅಬುಧಾಬಿಯ ಕೊನೆಯ ಸುತ್ತುಗಳಲ್ಲಿ ಅವನ ಕಾರು ಗೋಡೆಗೆ ಬಡಿದು ಸೇಫ್ಟಿ ಕಾರ್ ಬರದೇ ಹೋಗಿದ್ದರೆ ಮ್ಯಾಕ್ಸ್‌ನ ಮೊದಲ ವಿಶ್ವ ಪಟ್ಟದ ಕಥೆಯೇ ಬೇರೆಯಾಗುತ್ತಿತ್ತು.

ಪಂದ್ಯಾವಳಿಯ ಮುಂದಿನ ವರ್ಷಗಳನ್ನು ಬೇಗ ಮುಗಿಸುತ್ತೇನೆ. 2017ರಲ್ಲಿ ಲ್ಯಾಂಡೊ ನಾರಿಸ್, 2018ರಲ್ಲಿ ಮಿಕ್ ಶುಮಾಕರ್. ಮಿಕ್ ಪಟ್ಟ ಕಟ್ಟಿಕೊಂಡದ್ದು 2018ರ ಅಕ್ಟೋಬರ್‌ನಲ್ಲಿ ಹಾಕೆನ್‌ಹೈಮ್‌ನಲ್ಲಿ, ಅದೇ ಕೊನೆ. 2019ರಿಂದ ಫಾರ್ಮುಲಾ 1ರ ಜತೆಗೇ ಪ್ರಯಾಣಿಸುವ ಜಿಪಿ3 ಸರಣಿಗೆ ಎಫ್‌ಐಎ ಫಾರ್ಮುಲಾ 3 ಎಂಬ ಹೆಸರು ಹೋಯಿತು. ಹೆಸರು ಹೋದ ಮೇಲೆ ಮನೆ ಉಳಿಯಲಿಲ್ಲ.

ಆದರೆ ಮೊದಲ ಸಾಲಿನವನೂ ಮೂರನೇ ಸಾಲಿನವನೂ ಮತ್ತೆ ಮತ್ತೆ ಎದುರಾಗುತ್ತಲೇ ಇದ್ದರು. 2018ರ ನವೆಂಬರ್‌ನಲ್ಲಿ ಬ್ರೆಜಿಲ್‌ನ ಇಂಟರ್‌ಲಾಗೋಸ್‌ನಲ್ಲಿ ಮ್ಯಾಕ್ಸ್ ಮೊದಲ ಸ್ಥಾನದಲ್ಲಿದ್ದಾಗ, ಒಂದು ಸುತ್ತು ಹಿಂದಿದ್ದ ಒಕಾನ್ ಅವನನ್ನು ದಾಟಲು ಹೋಗಿ ತಾಗಿದ. ಗೆಲುವು ಕೈ ತಪ್ಪಿತು. ರೇಸು ಮುಗಿದ ಮೇಲೆ ತೂಕ ನೋಡುವ ಜಾಗದಲ್ಲಿ ಮ್ಯಾಕ್ಸ್ ಅವನನ್ನು ತಳ್ಳಿದ್ದನ್ನು ಟಿವಿಯಲ್ಲಿ ಲೋಕವೆಲ್ಲ ನೋಡಿತು. 2021ರ ಆಗಸ್ಟ್ 1ರಂದು ಹಂಗರೋರಿಂಗ್‌ನಲ್ಲಿ, ಅಂದರೆ 2014ರ ನಾಲ್ಕನೇ ನಿಲ್ದಾಣದಲ್ಲಿ, ಮೊದಲ ತಿರುವಿನ ಗಲಾಟೆಯಲ್ಲಿ ಮ್ಯಾಕ್ಸ್‌ನ ಕಾರಿನ ಒಂದು ಪಕ್ಕ ಕಿತ್ತುಹೋಯಿತು. ಆ ಗಲಾಟೆಯಿಂದ ಗೀರೂ ಇಲ್ಲದೆ ಪಾರಾಗಿ ಬಂದ ಒಕಾನ್ ತನ್ನ ಮೊದಲ ಗ್ರ್ಯಾನ್ ಪ್ರಿ ಗೆದ್ದ. ಮ್ಯಾಕ್ಸ್ ಅರ್ಧ ಮುರಿದ ಕಾರನ್ನು ಬಿಡದೆ ಕೊನೆಯವರೆಗೂ ಓಡಿಸಿ ಒಂಬತ್ತನೇ ಸ್ಥಾನದ ಎರಡು ಅಂಕ ಕಟ್ಟಿಕೊಂಡ.